ಹಳೆಯ ಆರ್ಗನ್ನಿನ ಹೊಟ್ಟೆ ಬಗೆಯಬೇಡಿ, ದನಿ ಹಿಗ್ಗಿಸಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ಎಲೆಕ್ಟ್ರಿಕ್ ಆರ್ಗನ್ ಒಂದನ್ನು ಹೊಸದು ಮಾಡಿದ ಬರಹ ಓದಿದೆ. ಒಳಗಿನ ಬೋರ್ಡ್‌ಗಳನ್ನೆಲ್ಲ ಕಿತ್ತು ಗುಜರಿಗೆ ಕೊಟ್ಟು, ಖಾಲಿಯಾದ ಪೆಟ್ಟಿಗೆಯೊಳಗೆ ಈಗಿನ ಡಿಜಿಟಲ್ ಕೀಬೋರ್ಡ್ ಕೂರಿಸಿದ್ದಾರೆ. ನೂರಾರು ದನಿ ಬರುತ್ತವೆ ಎಂದು ಬರೆದಿದ್ದೀರಿ. ಮಾಡಿದವರಿಗೆ ಆ ವಾದ್ಯದ ಮೇಲೆ ಪ್ರೀತಿ ಇದೆ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ, ಮರಕ್ಕೆ ಹೊಡೆದ ಪಾಲಿಶ್ ನೋಡಿದರೇ ಗೊತ್ತಾಗುತ್ತದೆ. ಆದರೂ ಹೀಗೆ ಮಾಡಬೇಡಿ ಎಂದು ಕೇಳಿಕೊಳ್ಳಲಿಕ್ಕೇ ಈ ಪತ್ರ. ಆ ನೂರಾರು ದನಿ ಯಾವ ಅಂಗಡಿಗೆ ಹೋದರೂ ಸಿಗುತ್ತವೆ. ಕಿತ್ತು ಎಸೆದ ಬೋರ್ಡ್‌ಗಳು ಇನ್ನು ಸಿಗುವುದಿಲ್ಲ. ಅವನ್ನು ಇಟ್ಟುಕೊಂಡೇ ವಾದ್ಯದ ದನಿಯನ್ನು ಎಷ್ಟೋ ಹಿಗ್ಗಿಸಬಹುದಿತ್ತು, ನಮ್ಮ ಸಂಗೀತದ ಶ್ರುತಿಗೂ ತರಬಹುದಿತ್ತು. ಅದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಉದ್ದವಾದರೆ ಎರಡು ವಾರಕ್ಕೆ ಮುರಿದು ಹಾಕಿ, ತೊಂದರೆ ಇಲ್ಲ.

ನಾನು ಸಾಗರದವನು. ಹಾರ್ಮೋನಿಯಂ, ಆಂಪ್ಲಿಫೈಯರ್, ಮೈಕ್ ಸೆಟ್ ರಿಪೇರಿ ನನ್ನ ಕಸುಬು. ಯಕ್ಷಗಾನ ಆಟದ ಸೀಸನ್ನಿನಲ್ಲಿ ಮೇಳದವರ ಹಾರ್ಮೋನಿಯಂ ಬರುತ್ತವೆ, ಉಳಿದ ದಿನಗಳಲ್ಲಿ ಭಜನಾ ಮಂದಿರದ್ದು, ಚರ್ಚಿನದು, ಶಾಲೆಯದು. ಆಗೊಮ್ಮೆ ಈಗೊಮ್ಮೆ ಒಂದು ಆರ್ಗನ್. ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಹಳೆಯ ತೋಟದ ಬಂಗಲೆಗಳಲ್ಲಿ, ಕೆಲವು ಚರ್ಚುಗಳಲ್ಲಿ ಇವು ಇನ್ನೂ ಇವೆ. ಮೇಲೆ ಬಟ್ಟೆ ಹೊದೆಸಿ, ಅದರ ಮೇಲೆ ಟಿವಿ ಇಟ್ಟಿರುತ್ತಾರೆ. ಕೇಳಿದರೆ, ಅದು ಸತ್ತು ಎಷ್ಟೋ ಕಾಲ ಆಯಿತು ಅನ್ನುತ್ತಾರೆ. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಹೆಚ್ಚಿನವು ಸತ್ತಿರುವುದಿಲ್ಲ. ಪವರ್ ಸಪ್ಲೈನ ಎರಡು ಮೂರು ಕೆಪಾಸಿಟರ್ ಒಣಗಿರುತ್ತವೆ, ಇಲಿ ಒಂದೆರಡು ತಂತಿ ಕಡಿದಿರುತ್ತದೆ, ಕೀಗಳ ಕೆಳಗಿನ ಕಾಂಟ್ಯಾಕ್ಟ್‌ಗಳಿಗೆ ಮಸಿ ಹಿಡಿದಿರುತ್ತದೆ. ಅಷ್ಟೇ.

ಮೊದಲ ಮಾತು ಏನೆಂದರೆ, ಎಲ್ಲ ಎಲೆಕ್ಟ್ರಿಕ್ ಆರ್ಗನ್ ಒಂದೇ ಅಲ್ಲ. ಒಳಗೆ ಸದ್ದು ಹುಟ್ಟುವುದು ಹೇಗೆ ಅಂತ ನೋಡದೆ ಸ್ಕ್ರೂಡ್ರೈವರ್ ಹಿಡಿಯಬಾರದು. ಕೆಲವು ನಮ್ಮ ಹಾರ್ಮೋನಿಯಂ ಜಾತಿಯವೇ. ಹಿತ್ತಾಳೆಯ ರೀಡ್ ಇರುತ್ತದೆ, ತಿದಿ ಒತ್ತುವ ಬದಲು ಸಣ್ಣ ಮೋಟಾರ್ ಗಾಳಿ ಊದುತ್ತದೆ. ಇದರಲ್ಲಿ ದನಿ ಹಿಗ್ಗಿಸಲು ಹೆಚ್ಚಿಗೆ ಅವಕಾಶ ಇಲ್ಲ. ಒಳಗೆ ಒಳ್ಳೆಯ ಮೈಕ್ ಕೂರಿಸಿ, ಫ್ಯಾನಿನ ಗುಂಯ್ ಸದ್ದು ಕಡಿಮೆ ಮಾಡಿದರೆ ಸಾಕು.

ಎರಡನೆಯದು ಚಕ್ರದ ಆರ್ಗನ್. ಅಮೆರಿಕದ ಷಿಕಾಗೋದಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬುವರು 1935ರಲ್ಲಿ ಮಾರುಕಟ್ಟೆಗೆ ತಂದದ್ದು. ಒಂದು ಮೋಟಾರು, ಅದಕ್ಕೆ ಗೇರ್‌ಗಳ ಮೂಲಕ ಜೋಡಿಸಿದ ಹಲ್ಲಿರುವ ಸಣ್ಣ ಸಣ್ಣ ಉಕ್ಕಿನ ಚಕ್ರಗಳು, ಪ್ರತಿ ಚಕ್ರದ ಎದುರು ಒಂದು ಅಯಸ್ಕಾಂತ ಮತ್ತು ಕಾಯಿಲ್, ಅಂದರೆ ತಂತಿಯ ಸುರುಳಿ. ಹಲ್ಲು ಎದುರಿಗೆ ಬಂದು ಹೋದಂತೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ, ಅದೇ ಸ್ವರ. ದೊಡ್ಡ ಮಾಡೆಲ್‌ಗಳಲ್ಲಿ ಇಂಥ 91 ಸ್ವರಗಳು. ಈ ಮೋಟಾರು ಸಿಂಕ್ರೊನಸ್, ಅಂದರೆ ನಮ್ಮ ಮನೆಗೆ ಬರುವ ಕರೆಂಟಿನ ಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ಸಲ ಅಲೆಯುತ್ತದೆ ಎಂಬ ಲೆಕ್ಕ) ಕಟ್ಟುಬಿದ್ದದ್ದು. ವೋಲ್ಟೇಜ್ ಸ್ವಲ್ಪ ಏರಿಳಿದರೆ ಅದಕ್ಕೆ ಲೆಕ್ಕವಿಲ್ಲ. ಹರ್ಟ್ಸ್ ಇಳಿದರೆ ಮಾತ್ರ ಇಡೀ ವಾದ್ಯದ ಶ್ರುತಿಯೇ ಇಳಿಯುತ್ತದೆ.

ಶರಾವತಿ ಸೀಮೆಯವರಿಗೆ ಇದು ಕುತೂಹಲದ ಸಂಗತಿ ಅಲ್ವಾ? 2003ಕ್ಕಿಂತ ಮೊದಲು ದಕ್ಷಿಣದ ಗ್ರಿಡ್‌ನಲ್ಲಿ ಬೇಡಿಕೆ ಜಾಸ್ತಿಯಾದಾಗ ಹರ್ಟ್ಸ್ 50ರಿಂದ 48ರ ಹತ್ತಿರಕ್ಕೆ ಇಳಿಯುವುದು ಮಾಮೂಲಾಗಿತ್ತು. 48ಕ್ಕೆ ಇಳಿದರೆ 440 ಹರ್ಟ್ಸ್ ಇರಬೇಕಾದ ಸ್ವರ 422ಕ್ಕೆ ಬಂದು ಕೂರುತ್ತದೆ, ಅಂದರೆ ಹೆಚ್ಚೂ ಕಡಿಮೆ ಮುಕ್ಕಾಲು ಮನೆ ಕೆಳಗೆ (ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ ಒಂದು ಮನೆ). ಪಕ್ಕದಲ್ಲಿ ಪಿಟೀಲು ನುಡಿಸುವವರು ಏನು ಮಾಡಬೇಕು? 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಇಡೀ ದೇಶದ ಗ್ರಿಡ್‌ಗೆ ಸೇರಿತು. ಈಗ ಹರ್ಟ್ಸ್ 50ರ ಆಸುಪಾಸಿನಲ್ಲೇ ಇರುತ್ತದೆ, ಚಕ್ರದ ಆರ್ಗನ್ನಿಗೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಹಿಂದೆ ಇರಲಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಮನೆಯ ಡೀಸೆಲ್ ಜನರೇಟರ್ ಹಾಕಿದಿರೋ, ಮತ್ತೆ ಹಳೇ ಕಥೆ. ಲೋಡ್ ಬಿದ್ದಾಗಲೆಲ್ಲ ಸ್ವರ ಜಾರುತ್ತದೆ.

ಇನ್ನೊಂದು ವಿಷಯ. ಅಮೆರಿಕದಿಂದ ತಂದ ಸೆಟ್ ಆದರೆ ಅದು 60 ಹರ್ಟ್ಸ್‌ನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. 60ರ ಸೆಟ್ 50ರಲ್ಲಿ ಓಡಿದರೆ 440 ಇದ್ದದ್ದು 367ರ ಹತ್ತಿರ ಬರುತ್ತದೆ, ಮೂರು ಮನೆಗಿಂತಲೂ ಜಾಸ್ತಿ ಇಳಿಕೆ. ಇದಕ್ಕೆ ಮೋಟಾರಿಗೆ ಮಾತ್ರ ಬೇರೆಯಾಗಿ 60 ಹರ್ಟ್ಸ್‌ನ ಪ್ಯೂರ್ ಸೈನ್ ಇನ್ವರ್ಟರ್ ಕೊಡಬೇಕು. ಈ ಜಾತಿಯ ಆರ್ಗನ್ನಿನ ದನಿಯನ್ನು ನಾನು ಒಳಗಿನಿಂದ ಹಿಗ್ಗಿಸಲು ಹೋಗುವುದಿಲ್ಲ, ಬೇಕಾಗಿಯೂ ಇಲ್ಲ. ದನಿ ಬೆರೆಸಲು ಎಳೆಯುವ ಪಟ್ಟಿಗಳು, ಅಂದರೆ ಡ್ರಾಬಾರ್, ಒಂಬತ್ತು, ಒಂದೊಂದಕ್ಕೆ 0ಯಿಂದ 8ರವರೆಗೆ ಮೆಟ್ಟಿಲು. ಅವನ್ನು ಎಳೆದು ತಳ್ಳಿ ಕಲಿಯುವುದಕ್ಕೇ ಆಯಸ್ಸು ಸಾಲದು. ಇದಕ್ಕೆ ಬೇಕಾದದ್ದು ಎಣ್ಣೆ. ಮೇಲಿನ ತೊಟ್ಟಿಗೆ ಹಾಕಿದ ಎಣ್ಣೆ ನೂಲಿನ ಎಳೆಗಳ ಮೂಲಕ, ದೀಪದ ಬತ್ತಿಯಲ್ಲಿ ಏರಿದ ಹಾಗೆ, ಒಂದೊಂದು ಬೇರಿಂಗ್‌ಗೂ ಹರಿದು ಹೋಗುತ್ತದೆ. ಆ ಕೆಲಸಕ್ಕೆಂದೇ ಇರುವ ತೆಳು ಎಣ್ಣೆಯನ್ನೇ ವರ್ಷಕ್ಕೊಮ್ಮೆ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ನೂಲುಗಳು ಹಾಳು. ಮತ್ತೆ ವಾಲ್ವ್ ಇರುವ ಸೆಟ್ ಆದರೆ ಒಳಗೆ 300 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದವರು ಕೈ ಹಾಕಲೇಬಾರದು.

ಈಗ ಮೂರನೆಯ ಜಾತಿಗೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕೂತದ್ದು ಇದಕ್ಕಾಗಿಯೇ. ನಿಮ್ಮ ಪುರವಣಿಯ ಫೋಟೋದಲ್ಲಿ ಗುಜರಿ ಮೂಲೆಯಲ್ಲಿ ಬಿದ್ದಿದ್ದ ಬೋರ್ಡ್‌ಗಳು ಈ ಜಾತಿಯವೇ. ಒಂದೇ ಅಳತೆಯ ಬೋರ್ಡ್‌ಗಳ ಸಾಲು, ಪ್ರತಿಯೊಂದರ ಮೇಲೂ ಒಂದು ಕಾಯಿಲ್, ಅದು ಕಂಡ ಕೂಡಲೇ ಗೊತ್ತಾಯಿತು.

ಇವು ಟ್ರಾನ್ಸಿಸ್ಟರ್ ಆರ್ಗನ್. ಇಂಗ್ಲೆಂಡಿನ ವಾಕ್ಸ್ ಕಾಂಟಿನೆಂಟಲ್ 1962ರಲ್ಲಿ ಬಂತು. ಅದರ ಹಿಂದೆಯೇ 1964ರ ಸುಮಾರಿಗೆ ಇಟಲಿಯ ಫಾರ್ಫಿಸಾ ಕಂಪ್ಯಾಕ್ಟ್. ಎರಡರಲ್ಲೂ ಹನ್ನೆರಡು ಬೋರ್ಡ್‌ಗಳು, ಸ್ವರಕ್ಕೆ ಒಂದರಂತೆ. ಪ್ರತಿ ಬೋರ್ಡಿನಲ್ಲೂ ಒಂದು ಆಸಿಲೇಟರ್, ಅದು ಆ ಸ್ವರದ ಅತಿ ಮೇಲಿನ ಸ್ಥಾಯಿಯನ್ನು ಹುಟ್ಟಿಸುತ್ತದೆ. ಅದರ ಮುಂದೆ ಸಾಲಾಗಿ ಡಿವೈಡರ್‌ಗಳು, ಒಂದೊಂದೂ ಹರ್ಟ್ಸ್ ಅನ್ನು ಅರ್ಧಕ್ಕೆ ಇಳಿಸುತ್ತಾ ಹೋಗುತ್ತದೆ. ಅರ್ಧ ಅಂದರೆ ಒಂದು ಸ್ಥಾಯಿ ಕೆಳಗೆ. ಹಾಗಾಗಿ ಷಡ್ಜದ ಬೋರ್ಡಿನ ಕಾಯಿಲ್ ಒಂದನ್ನು ತಿರುಗಿಸಿದರೆ ಕೀಬೋರ್ಡಿನ ಅಷ್ಟೂ ಷಡ್ಜಗಳು ಒಟ್ಟಿಗೇ ಸರಿಯುತ್ತವೆ. ಹನ್ನೆರಡು ಕಾಯಿಲ್ ಸರಿಮಾಡಿದರೆ ಇಡೀ ವಾದ್ಯ ಶ್ರುತಿಯಾಯಿತು.

ಹಾರ್ಮೋನಿಯಂ ಕೆಲಸ ಮಾಡುವವನಿಗೆ ಇದು ಎಷ್ಟು ದೊಡ್ಡ ಸೌಲಭ್ಯ ಅಂತ ಹೇಳಿ ಮುಗಿಯದು. ಹಾರ್ಮೋನಿಯಂನಲ್ಲಿ ಪ್ರತಿ ರೀಡನ್ನೂ ಕೆರೆಯಬೇಕು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಕೆರೆದ ಹಿತ್ತಾಳೆ ಮಾತ್ರ ವಾಪಸ್ ಬರುವುದಿಲ್ಲ. ಅದಕ್ಕೇ ಹಾರ್ಮೋನಿಯಂ ಅನ್ನು ಒಂದು ರಾಗಕ್ಕೆ, ಒಬ್ಬ ಗಾಯಕರ ಶ್ರುತಿಗೆ ಅಂತ ಆಗಾಗ ಬದಲಿಸಲು ಯಾರೂ ಹೋಗುವುದಿಲ್ಲ. ಎಲ್ಲ ಮನೆಗಳನ್ನೂ ಸಮಪಾಲು ಮಾಡಿ ಬಿಟ್ಟಿರುತ್ತಾರೆ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೆ ಈ ಸಮಪಾಲಿನ ಶ್ರುತಿಯೂ ಒಂದು ಕಾರಣ, ಗಮಕ ಬರುವುದಿಲ್ಲ ಅನ್ನುವುದು ಇನ್ನೊಂದು. ನಮ್ಮ ಭದ್ರಾವತಿ ಆಕಾಶವಾಣಿ ಶುರುವಾದಾಗಲೂ ಆ ನಿಷೇಧ ಇತ್ತು.

ಟ್ರಾನ್ಸಿಸ್ಟರ್ ಆರ್ಗನ್ನಿನಲ್ಲಿ ಆ ಮೊದಲ ಆಕ್ಷೇಪಕ್ಕೆ ಉತ್ತರ ಇದೆ. ಲೆಕ್ಕ ಹೀಗೆ. ಬಿಳಿ ಒಂದರಲ್ಲಿ ಷಡ್ಜ ಇಟ್ಟುಕೊಳ್ಳಿ, ಮಧ್ಯ ಷಡ್ಜ 261.6 ಹರ್ಟ್ಸ್. ಸಮಪಾಲಿನ ಅಂತರ ಗಾಂಧಾರ 329.6. ಆದರೆ ತಂಬೂರಿಯ ಮಂದ್ರ ಷಡ್ಜದ ತಂತಿಯೊಳಗೆ ತಾನಾಗಿ ಕೇಳಿಸುವ ಗಾಂಧಾರ ಇದೆಯಲ್ಲ, ಅದು ಆ ತಂತಿಯ ಐದರಷ್ಟು, ಅಂದರೆ 654, ಒಂದು ಸ್ಥಾಯಿ ಕೆಳಗೆ ತಂದರೆ 327. ಎರಡೂ ಜೊತೆಗೆ ನುಡಿದರೆ ಸೆಕೆಂಡಿಗೆ ಎರಡೂವರೆ ಸಲ ವೂಂ ವೂಂ ಅಂತ ಅಲೆ ಏಳುತ್ತದೆ. ಸಂಗೀತ ಬಲ್ಲವರ ಕಿವಿಗೆ ಅದು ಚುಚ್ಚುತ್ತದೆ, ಬಾರದವರಿಗೂ ಏನೋ ಸರಿಯಿಲ್ಲ ಅಂತ ಅನ್ನಿಸುತ್ತದೆ. ಮೋಹನ ರಾಗಕ್ಕೆ ಮಾಡುವುದಾದರೆ ಐದೇ ಸ್ವರ ನೋಡಿಕೊಂಡರೆ ಸಾಕು. ಷಡ್ಜ ಇದ್ದಲ್ಲೇ ಇರಲಿ. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಒಂದು ಮನೆಗೆ 100 ಸೆಂಟ್ ಇರುತ್ತದೆ. ಗಾಂಧಾರವನ್ನು 14 ಸೆಂಟ್ ಇಳಿಸಿ, ಧೈವತವನ್ನು 16 ಇಳಿಸಿ, ಪಂಚಮವನ್ನು 2 ಏರಿಸಿ, ರಿಷಭವನ್ನು 4 ಏರಿಸಿ. ಧೈವತದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಅಭಿಪ್ರಾಯವೂ ಇದೆ, ಅವರು ಹೇಳಿದ ಕಡೆ ಇಡಿ, ಕಾಯಿಲ್ ಅಲ್ಲಿಗೂ ತಿರುಗುತ್ತದೆ.

ಕೊಪ್ಪದ ಕಡೆಯ ಒಂದು ತೋಟದ ಮನೆಯಲ್ಲಿ ಇದನ್ನು ಮಾಡಿದ್ದೇನೆ. ಯಜಮಾನರ ತಂದೆಯ ಕಾಲದ ಆರ್ಗನ್, ಸೊಸೆ ಕರ್ನಾಟಕ ಸಂಗೀತ ಕಲಿತವರು. ಮೊದಲು ಸೆಟ್ ಆನ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಟ್ಟೆವು, ಕಾಯಿಲ್ ಬಿಸಿಯಾಗಿ ನಿಲ್ಲುವ ತನಕ ಶ್ರುತಿ ಮಾಡಿ ಪ್ರಯೋಜನ ಇಲ್ಲ. ಕಾಯಿಲ್‌ನೊಳಗಿನ ಕೋರ್ ಫೆರೈಟ್‌ನದು, ಮೇಲೆ ಮೇಣ ಹಾಕಿ ಸೀಲ್ ಮಾಡಿರುತ್ತಾರೆ. ಅದನ್ನು ಕಬ್ಬಿಣದ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಬಾರದು. ಕಬ್ಬಿಣ ಹತ್ತಿರ ಬಂದರೇ ಸ್ವರ ಬದಲಾಗುತ್ತದೆ, ತೆಗೆದ ಮೇಲೆ ಇನ್ನೊಂದಾಗುತ್ತದೆ, ಜೋರಾಗಿ ತಿರುವಿದರೆ ಕೋರ್ ಒಡೆದೇ ಹೋಗುತ್ತದೆ. ನಾನು ಬಲಿತ ಬಿದಿರಿನ ಕಡ್ಡಿಯನ್ನು ಚಪ್ಪಟೆಯಾಗಿ ಕೆತ್ತಿ ಇಟ್ಟುಕೊಂಡಿದ್ದೇನೆ, ತುದಿ ಸವೆದರೆ ಮತ್ತೆ ಕೆತ್ತಿದರಾಯಿತು. ತಿರುಗಿಸುವ ಮೊದಲು ಪ್ರತಿ ಕೋರ್ ಮೇಲೂ ಉಗುರಿನ ಬಣ್ಣದ ಒಂದು ಚುಕ್ಕಿ ಇಟ್ಟೆ, ಮುಂಚೆ ಎಲ್ಲಿತ್ತು ಅಂತ ಮುಂದಿನವರಿಗೆ ಗೊತ್ತಾಗಲಿ ಎಂದು. ಸೊಸೆ ಪಕ್ಕದಲ್ಲಿ ತಂಬೂರಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಗಾಂಧಾರದ ಕೀ ಒತ್ತಿ ಹಿಡಿದಿದ್ದರು. ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಂತೆ ಅಲೆ ನಿಧಾನ ಆಯಿತು, ಇನ್ನೂ ನಿಧಾನ ಆಯಿತು, ಆಮೇಲೆ ಆರ್ಗನ್ನಿನ ದನಿ ತಂಬೂರಿಯೊಳಗೆ ಎಲ್ಲಿ ಸೇರಿತು ಅಂತಲೇ ಗೊತ್ತಾಗಲಿಲ್ಲ. ‘ಮಾವ, ಈಗ ಕೇಳಿ’ ಅಂತ ಅವರು ಒಳಗಿದ್ದ ಯಜಮಾನರನ್ನು ಕೂಗಿ ಕರೆದರು. ಆ ಆರ್ಗನ್ ಈಗ ಆ ಮನೆಯಲ್ಲಿ ದಿನಾ ಬೆಳಿಗ್ಗೆ ನುಡಿಯುತ್ತದೆ.

ಇದಕ್ಕೆ ಮಿತಿಯೂ ಇದೆ, ಮುಚ್ಚಿಡಬಾರದು. ಹೀಗೆ ಮಾಡಿದ ಮೇಲೆ ಷಡ್ಜ ಒಂದೇ ಜಾಗದಲ್ಲಿ. ಚರ್ಚಿನಲ್ಲಿ ಒಂದೊಂದು ಹಾಡನ್ನು ಒಂದೊಂದು ಸ್ಕೇಲಿನಲ್ಲಿ ಕಾರ್ಡ್ ಹಿಡಿದು ನುಡಿಸುತ್ತಾರೆ, ಅಲ್ಲಿ ಈ ಶ್ರುತಿ ಕೆಟ್ಟದಾಗಿ ಕೇಳಿಸುತ್ತದೆ. ಅಂಥ ಕಡೆ ಸಮಪಾಲಿನಲ್ಲೇ ಬಿಡಿ. ಭಜನಾ ಮಂದಿರಕ್ಕೆ, ಒಬ್ಬರೇ ಹಾಡುವ ಮನೆಗೆ ಇದು ಸರಿ. ಇನ್ನು 1970ರ ದಶಕದ ಕೆಲವು ಸೆಟ್‌ಗಳಲ್ಲಿ ಹನ್ನೆರಡು ಆಸಿಲೇಟರ್ ಇರುವುದಿಲ್ಲ. ಎಲ್ಲಕ್ಕೂ ಮೂಲವಾಗಿ ಕ್ಲಾಕ್ ಎಂಬ ಒಂದೇ ಆಸಿಲೇಟರ್, ಅದರಿಂದ ಹನ್ನೆರಡೂ ಸ್ವರ ತೆಗೆಯುವ ಒಂದೇ ಐಸಿ. ಅಲ್ಲಿ ಗಾಂಧಾರ ಒಂದನ್ನೇ ಸರಿಸಲು ಆಗುವುದಿಲ್ಲ. ಬದಲಿಗೆ ಕ್ಲಾಕ್ ಒಂದನ್ನು ಬದಲಿಸಿದರೆ ಇಡೀ ಕೀಬೋರ್ಡ್ ಏರಿಳಿಯುತ್ತದೆ. ಭಾಗವತರು ಕಪ್ಪು ಎರಡಕ್ಕಿಂತ ಸ್ವಲ್ಪ ಇಳಿಸಿ ಅಂದರೆ ಒಂದು ನಾಬ್ ತಿರುಗಿಸಿದರೆ ಮುಗಿಯಿತು. ಅದೂ ಉಪಯೋಗವೇ.

ಗಮಕದ ವಿಷಯ. ಪೂರ್ತಿ ಗಮಕ ಕೀಬೋರ್ಡಿನಲ್ಲಿ ಬರುವುದಿಲ್ಲ, ಬರುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಈ ಆರ್ಗನ್‌ಗಳಲ್ಲಿ ವೈಬ್ರೇಟೋ ಅಂತ ಒಂದು ಸ್ಟಾಪ್ (ದನಿ ಆರಿಸುವ ಸ್ವಿಚ್) ಇರುತ್ತದೆ, ಒಂದೇ ತಂತಿ ಹನ್ನೆರಡೂ ಬೋರ್ಡ್‌ಗಳಿಗೆ ಹೋಗಿ ಎಲ್ಲ ಆಸಿಲೇಟರ್‌ಗಳನ್ನೂ ಒಟ್ಟಿಗೆ ಅಲುಗಿಸುತ್ತದೆ. ಆ ತಂತಿಗೆ ಮೊಣಕಾಲಿನಿಂದ ತಳ್ಳುವ ಒಂದು ವಾಲ್ಯೂಮ್ ಕಂಟ್ರೋಲ್ ಮೂಲಕ ಸಣ್ಣ ಡಿಸಿ ವೋಲ್ಟೇಜ್ ಸೇರಿಸಿದರೆ ಸ್ವರವನ್ನು ಸ್ವಲ್ಪ ಎಳೆಯಬಹುದು. ಒಂದು ಮನೆಯಷ್ಟೂ ಬರುವುದಿಲ್ಲ. ಅಷ್ಟಾದರೂ ಸ್ವರಗಳು ಗೂಟ ಹೊಡೆದ ಹಾಗೆ ನಿಲ್ಲುವುದು ತಪ್ಪುತ್ತದೆ.

ಇನ್ನು ದನಿಯನ್ನು ದಪ್ಪ ಮಾಡುವುದು. ಡಿವೈಡರ್‌ಗಳಿಂದ ಬರುವುದು ಚೌಕದ ಅಲೆ, ಅದರಲ್ಲಿ ಮೂಲ ಸ್ವರದ ಮೂರರಷ್ಟು, ಐದರಷ್ಟು, ಏಳರಷ್ಟು ಹರ್ಟ್ಸ್‌ನ ಎಳೆಗಳು ಮಾತ್ರ ಇರುತ್ತವೆ. ಎರಡರಷ್ಟು, ನಾಲ್ಕರಷ್ಟು ಇರುವುದಿಲ್ಲ. ಅದಕ್ಕೇ ಕ್ಲಾರಿಯೋನೆಟ್ ಥರ ಟೊಳ್ಳಾಗಿ ಕೇಳಿಸುವುದು. ಇದಕ್ಕೆ ಉಪಾಯ ವಾದ್ಯದೊಳಗೇ ಇದೆ. ಅದೇ ಸ್ವರದ ಮೇಲಿನ ಸ್ಥಾಯಿಯನ್ನು ಅರ್ಧದಷ್ಟು ಜೋರಿನಲ್ಲಿ, ಅದರ ಮೇಲಿನದನ್ನು ಕಾಲು ಭಾಗ ಜೋರಿನಲ್ಲಿ ಸೇರಿಸಿದರೆ ಚೌಕದ ಅಲೆ ಮೆಟ್ಟಿಲು ಮೆಟ್ಟಿಲಾಗಿ ಗರಗಸದ ಹಲ್ಲಿನ ಆಕಾರಕ್ಕೆ ಬರುತ್ತದೆ, ಬಿಟ್ಟುಹೋದ ಎಳೆಗಳೂ ತುಂಬಿಕೊಳ್ಳುತ್ತವೆ. ಸ್ವರಕ್ಕೆ ಮೂರು ರೆಸಿಸ್ಟರ್ ಸಾಕು, 100ಕೆ, 220ಕೆ, 390ಕೆ. ಡಿವೈಡರ್‌ಗಳೆಲ್ಲ ಅಲ್ಲೇ ಇವೆ, ನೀವು ಜೋಡಿಸಬೇಕು ಅಷ್ಟೇ. ಟೊಳ್ಳು ದನಿ ತಂತಿವಾದ್ಯದ ಕಡೆಗೆ ತಿರುಗುವುದನ್ನು ಮೊದಲ ಸಲ ಕೇಳಿದಾಗ ನನಗೆ ಆದ ಖುಷಿ ಇವತ್ತಿಗೂ ಕಡಿಮೆ ಆಗಿಲ್ಲ.

ಮನೆಯಲ್ಲಿಡುವ ಸಣ್ಣ ಸೆಟ್‌ಗಳಲ್ಲಿ 8 ಅಡಿ ಮತ್ತು 4 ಅಡಿ ಸ್ಟಾಪ್ ಮಾತ್ರ ಇರುತ್ತವೆ. ಈ ಅಡಿ ಲೆಕ್ಕ ಹಳೆಯ ಪೈಪ್ ಆರ್ಗನ್ನಿನದು, ಪೈಪಿನ ಉದ್ದ ಇಮ್ಮಡಿಯಾದರೆ ಒಂದು ಸ್ಥಾಯಿ ಕೆಳಗೆ. 16 ಅಡಿಯ ಗಂಭೀರ ದನಿ ಬೇಕು ಅಂದರೆ ಪ್ರತಿ ಕೀಗೂ ಹೊಸ ಡಿವೈಡರ್ ಹಾಕಬೇಕು ಅಂತ ಹೆದರಬೇಡಿ. ಒಂದು ಕೀಯ 16 ಅಡಿ ದನಿ ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ ಕೀಯ 8 ಅಡಿ ದನಿಯೇ, ಅದು ಆಗಲೇ ಒಳಗೆ ಹುಟ್ಟುತ್ತಿದೆ. ಹೊಸದಾಗಿ ಬೇಕಾದದ್ದು ಅತಿ ಕೆಳಗಿನ ಸ್ಥಾಯಿಯ ಹನ್ನೆರಡು ಸ್ವರಕ್ಕೆ ಮಾತ್ರ. 4013 ಎಂಬ ಐಸಿಯಲ್ಲಿ ಎರಡು ಡಿವೈಡರ್ ಇರುತ್ತವೆ, ಹಾಗಾಗಿ ಆರೇ ಐಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಬೆಲೆ ಹೆಚ್ಚೇನಿಲ್ಲ. ಕಷ್ಟ ಇರುವುದು ಕೀಗಳ ಕೆಳಗೆ. ಅಲ್ಲಿ ಇನ್ನೊಂದು ಸಾಲು ಕಾಂಟ್ಯಾಕ್ಟ್ ಕೂರಿಸಬೇಕು, ತೆಳು ತಂತಿ, ಒಂದಕ್ಕೊಂದು ತಾಗಬಾರದು, ಒತ್ತಿದಾಗ ಎಲ್ಲವೂ ಒಂದೇ ಆಳದಲ್ಲಿ ಸೇರಬೇಕು. ತಾಳ್ಮೆ ಇದ್ದವರಿಗೆ ಮಾತ್ರ ಈ ಕೆಲಸ. ಇನ್ನೊಂದು ಎಚ್ಚರಿಕೆ: ಮೊದಲ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಸೆಟ್‌ಗಳಲ್ಲಿ ಚಾಸಿಸ್‌ಗೆ ಪ್ಲಸ್ ಕೊಟ್ಟಿರುವುದು ಉಂಟು. ಮೀಟರ್ ಇಟ್ಟು ನೋಡದೆ ಹೊಸ ಐಸಿಗೆ ಕರೆಂಟ್ ಕೊಡಬೇಡಿ. ಸೋಲ್ಡರ್ ಮಾಡುವಾಗ ಟ್ರಾನ್ಸಿಸ್ಟರ್ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಜರ್ಮೇನಿಯಂ ಬಿಸಿ ತಡೆಯುವುದಿಲ್ಲ.

ಹೊರಗಿನಿಂದ ಹಿಗ್ಗಿಸುವ ದಾರಿಯೂ ಇದೆ. ತಿರುಗುವ ಸ್ಪೀಕರ್. ಅಮೆರಿಕದ ಡೊನಾಲ್ಡ್ ಲೆಸ್ಲಿ 1940ರ ದಶಕದಲ್ಲಿ ಮಾಡಿದ್ದು. ಸ್ಪೀಕರ್ ತಿರುಗುವುದಿಲ್ಲ, ಅದರ ಬಾಯಿಗೆ ಹಿಡಿದ ಕಹಳೆ ಮತ್ತು ಕೆಳಗಿನ ಮರದ ಡ್ರಮ್ ತಿರುಗುತ್ತವೆ. ನಿಧಾನಕ್ಕೆ ಬಿಟ್ಟರೆ ನಿಮಿಷಕ್ಕೆ 40–50 ಸುತ್ತು, ಜೋರಾಗಿ ಬಿಟ್ಟರೆ 400ರ ಆಸುಪಾಸು. ದನಿ ಹತ್ತಿರ ಬಂದು ದೂರ ಹೋಗುವುದರಿಂದ ಸ್ವರವೂ ಜೋರೂ ಎರಡೂ ಅಲೆಯುತ್ತವೆ. ಹ್ಯಾಮಂಡ್ ಅದನ್ನು ಒಪ್ಪಲೇ ಇಲ್ಲವಂತೆ, ಜನ ಒಪ್ಪಿದರು. ಕೆಳಗಿನ ಡ್ರಮ್ ಒಂದನ್ನಾದರೂ ನಮ್ಮೂರಿನ ಬಡಗಿಗಳು ಮಾಡಬಲ್ಲರು. ಸಾಗರ, ಸೊರಬದ ಕಡೆ ಮರದ ಕೆಲಸಕ್ಕೆ ಕೈ ಕಡಿಮೆ ಇಲ್ಲ. ತೆಳು ಪ್ಲೈವುಡ್, ಒಂದು ಹಳೆಯ ಟೇಬಲ್ ಫ್ಯಾನ್ ಮೋಟಾರು, ಹೊಲಿಗೆ ಮೆಷಿನ್ ಬೆಲ್ಟು. ಡ್ರಮ್ಮಿನ ತೂಕ ಎಲ್ಲ ಕಡೆ ಸಮ ಇರಬೇಕು, ಇಲ್ಲದಿದ್ದರೆ ಪೆಟ್ಟಿಗೆಯೇ ನಡುಗುತ್ತದೆ. ಆರ್ಗನ್ನಿನಿಂದ ಅದಕ್ಕೆ ಲೈನ್ ತೆಗೆಯುವಾಗ ನಡುವೆ ಒಂದು ಸಣ್ಣ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ, ಹಮ್ ಬರುವುದಿಲ್ಲ, ಶಾಕ್ ಭಯವೂ ಕಡಿಮೆ. ಹಳೆಯ ಎರಡು ವೈರಿನ ಪ್ಲಗ್ ಇದ್ದರೆ ಮೊದಲು ಮೂರು ಪಿನ್ ಮಾಡಿ ಅರ್ತ್ ಕೊಡಿ. ಇದು ಎಲ್ಲಕ್ಕಿಂತ ಮೊದಲು.

ಏನೇ ಮಾಡಿ, ಮುಂದೆ ಬಂದವರು ಬಿಚ್ಚಿದರೆ ಮೊದಲಿನಂತಾಗಬೇಕು. ಇದೊಂದು ನನ್ನ ಹಠ. ಪೆಟ್ಟಿಗೆಗೆ ತೂತು ಕೊರೆಯಬೇಡಿ, ಹಿಂದೆ ಇರುವ ಜಾಕ್ ಜಾಗವನ್ನೇ ಬಳಸಿ. ಹೊಸ ಬೋರ್ಡನ್ನು ಕನೆಕ್ಟರ್ ಹಾಕಿ ಜೋಡಿಸಿ, ಹಳೆಯ ಬೋರ್ಡಿನ ತಾಮ್ರದ ಮೇಲೆ ನೇರ ಬೆಸುಗೆ ಬೇಡ. ತೆಗೆದ ಭಾಗಗಳನ್ನು ಒಂದು ಕವರಿನಲ್ಲಿ ಹಾಕಿ ಒಳಗೇ ಇಡಿ. ಮಾಡಿದ ಸರ್ಕ್ಯೂಟನ್ನು ಕಾಗದದಲ್ಲಿ ಬರೆದು, ತಾರೀಖು ಹಾಕಿ ಮುಚ್ಚಳದ ಒಳಮೈಗೆ ಅಂಟಿಸಿ. ನಾನು ಬಿಚ್ಚಿದ ಒಂದು ಚರ್ಚಿನ ಸೆಟ್‌ನಲ್ಲಿ ಯಾರೋ ಹೀಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಒಂದು ಚೀಟಿ ಇತ್ತು, ಯಾವ ಕೆಪಾಸಿಟರ್ ಬದಲಿಸಿದೆ, ಯಾಕೆ ಬದಲಿಸಿದೆ ಅಂತ. ಆ ಚೀಟಿ ನನಗೆ ಎಷ್ಟು ಕೆಲಸ ಉಳಿಸಿತು ಅಂದರೆ, ಅದನ್ನು ಬರೆದವರು ಎದುರಿಗೆ ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದೆ.

ನಮ್ಮ ಮಳೆಯ ಬಗ್ಗೆ ಎರಡು ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಉಳಿದ ಕಡೆಯೂ ಗೋಡೆ ಬೆವರುವಷ್ಟು ಥಂಡಿ. ಬಟ್ಟೆ ಹೊದೆಸಿ ಇಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯೊಳಗೆ, ಮರಕ್ಕೂ ತಂತಿಗೂ ತಾಗದ ಹಾಗೆ, ಒಂದು ಜೀರೋ ಬಲ್ಬ್ ಉರಿಯಲಿ, ಎಲ್‌ಇಡಿ ಅಲ್ಲ, ಬಿಸಿಯಾಗುವ ಹಳೆಯದೇ ಬೇಕು. ವಾರಕ್ಕೊಮ್ಮೆ ಆನ್ ಮಾಡಿ ಎಲ್ಲ ಕೀಗಳನ್ನೂ ಒತ್ತಿ, ಕಾಂಟ್ಯಾಕ್ಟ್ ತಾನೇ ಉಜ್ಜಿಕೊಳ್ಳುತ್ತದೆ. ಮಸಿ ಹಿಡಿದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಉಪ್ಪುಕಾಗದ ಮುಟ್ಟಿಸಬೇಡಿ, ಮೇಲಿನ ಲೇಪ ಹೋದರೆ ಕಾಂಟ್ಯಾಕ್ಟ್ ಮತ್ತೆ ಉಳಿಯುವುದಿಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಒಳ್ಳೆಯ ಡಿಜಿಟಲ್ ಕೀಬೋರ್ಡ್ ತಗೊಂಡರೆ ಆಗದೇ ಅಂತ ಕೇಳುವವರು ಇದ್ದಾರೆ. ಧಾರಾಳವಾಗಿ ತಗೊಳ್ಳಿ, ಈಗಿನ ಕೆಲವು ಕೀಬೋರ್ಡ್‌ಗಳಲ್ಲಿ ಶ್ರುತಿ ಬದಲಿಸುವ ಸೌಲಭ್ಯವೂ ಇದೆ. ಅದನ್ನು ಮೇಜಿನ ಮೇಲಿಟ್ಟು ನುಡಿಸಿ, ಆರ್ಗನ್ನಿನ ಹೊಟ್ಟೆಯೊಳಗೆ ತುರುಕಬೇಡಿ ಅಂತಷ್ಟೇ ನನ್ನ ಕೋರಿಕೆ. ಹನ್ನೆರಡು ಆಸಿಲೇಟರ್‌ಗಳು ತಮ್ಮಷ್ಟಕ್ಕೆ ತಾವು ನಡೆಯುವಾಗ ಎರಡು ಸ್ವರ ಒಟ್ಟಿಗೆ ಹಿಡಿದರೆ ಒಳಗೆ ಒಂದು ನಿಧಾನದ ಅಲುಗಾಟ ಇರುತ್ತದೆ, ಪ್ರತಿ ಸಲವೂ ಸ್ವಲ್ಪ ಬೇರೆ. ಅದು ರೆಕಾರ್ಡ್ ಮಾಡಿಟ್ಟ ದನಿಯಲ್ಲಿ ಬರುವುದಿಲ್ಲ. ಮತ್ತೆ ಈ ಕೆಲಸಕ್ಕೆ ಬೇಕಾದ ಬುದ್ಧಿ ನಮ್ಮಲ್ಲಿ ಇಲ್ಲ ಅಂತಲೂ ಯಾರೂ ಅಂದುಕೊಳ್ಳಬೇಕಿಲ್ಲ. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ತೋರಿಸಿದ ಜಿ. ರಾಜ್ ನಾರಾಯಣ್ ಬೆಂಗಳೂರಿನವರೇ. ಶಿವಮೊಗ್ಗ, ಭದ್ರಾವತಿ, ಸಾಗರದಲ್ಲಿ ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಓದುವ ಮಕ್ಕಳು ಪ್ರತಿ ವರ್ಷ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾರೆ. ಆಸಿಲೇಟರ್, ಡಿವೈಡರ್, ಫಿಲ್ಟರ್, ಆಂಪ್ಲಿಫೈಯರ್ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ, ಕಣ್ಣಿಗೆ ಕಾಣುವ ಹಾಗೆ, ಕಿವಿಗೆ ಕೇಳುವ ಹಾಗೆ ಸಿಗುವುದು ಇಲ್ಲೇ. ಮೇಷ್ಟ್ರುಗಳು ಮನಸ್ಸು ಮಾಡಬೇಕು.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಪ್ರಕಟಣೆ ಹಾಕಿ. ಮಲೆನಾಡಿನಲ್ಲಿ ಯಾರ ಮನೆಯಲ್ಲಿ, ಯಾವ ಚರ್ಚಿನಲ್ಲಿ, ಯಾವ ಶಾಲೆಯ ಸ್ಟೋರ್ ರೂಮಿನಲ್ಲಿ ಇಂಥ ಆರ್ಗನ್ ಇದೆಯೋ ಅವರು ಪತ್ರಿಕೆಗೆ ಬರೆಯಲಿ. ಹಿಂಬದಿಯ ತಗಡಿನ ಮೇಲೆ ಹೆಸರು, ಮಾಡೆಲ್ ನಂಬರ್, ವೋಲ್ಟೇಜ್, ಹರ್ಟ್ಸ್ ಬರೆದಿರುತ್ತದೆ, ಅದರ ಒಂದು ಫೋಟೋ ಕಳಿಸಿದರೂ ಸಾಕು. ಪುರವಣಿಯ ಬರಹದಲ್ಲಿದ್ದ ಆ ಬೋರ್ಡ್‌ಗಳು ಇನ್ನೂ ಗುಜರಿ ಅಂಗಡಿಯಲ್ಲೇ ಇದ್ದರೆ ದಯವಿಟ್ಟು ಅವನ್ನು ಕರಗಿಸಲು ಬಿಡಬೇಡಿ, ಸಾಗಿಸುವ ಖರ್ಚು ನಾನು ಕೊಟ್ಟು ತರಿಸಿಕೊಳ್ಳುತ್ತೇನೆ. ನನ್ನ ವಿಳಾಸ ಪತ್ರದ ಹಿಂದೆ ಬರೆದಿದ್ದೇನೆ, ಅಚ್ಚು ಹಾಕುವುದು ಬೇಡ, ಕೇಳಿದವರಿಗೆ ಕೊಡಿ.

ಇಂತಿ,
ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಓದುಗ, ಸಾಗರ